22 ಸೆಕೆಂಡಿನ ಲಾಂಚು: ತಿರುಗಾಟದ ವಿಡಿಯೊ ಮಾರಿದ ಮೂರು ವರ್ಷ

ಶರಾವತಿ ಹಿನ್ನೀರು. ಆಚೆ ದಡ ಕಳಸವಳ್ಳಿ, ಈಚೆ ದಡ ಅಂಬಾರಗೋಡ್ಲು. ನಡುವೆ ನಿಧಾನಕ್ಕೆ ಬರುತ್ತಿರುವ ಲಾಂಚು. ಅದರ ಮೇಲೆ ಒಂದು ಬಸ್ಸು, ಎರಡು ಜೀಪು, ಐದಾರು ಬೈಕು, ಕೈಚೀಲ ಹಿಡಿದು ನಿಂತ ಜನ. ಫ್ರೇಮಿನ ಎಡ ಅಂಚಿನಲ್ಲಿ ಅರ್ಧ ಎದ್ದ ಸೇತುವೆಯ ಕಂಬಗಳು. ಒಟ್ಟು 22 ಸೆಕೆಂಡು. 2023ರ ಜನವರಿಯ ಒಂದು ಬೆಳಗ್ಗೆ ಟ್ರೈಪಾಡ್ ಇಟ್ಟು ತೆಗೆದದ್ದು.

ಸಿಗಂದೂರಿಗೆ ಹೋದವರಿಗೆಲ್ಲ ಈ ನೋಟ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತುಮರಿ ಕಡೆಯ ಊರುಗಳು ದ್ವೀಪದ ಹಾಗೆ ಉಳಿದವು. ಅಲ್ಲಿಯವರು ಆಸ್ಪತ್ರೆ, ಕಾಲೇಜು, ಸಂತೆ ಅಂತ ಸಾಗರಕ್ಕೆ ಬರಬೇಕಾದರೆ ಲಾಂಚಿಗೆ ಕಾಯಬೇಕಿತ್ತು. ನಾನು ಆ ಕ್ಲಿಪ್ಪನ್ನು ಸ್ಟಾಕ್ ಸೈಟಿಗೆ, ಅಂದರೆ ವಿಡಿಯೊ ತುಣುಕು ಮಾರುವ ಆನ್‌ಲೈನ್ ಅಂಗಡಿಗೆ ಹಾಕಿದೆ. ಎರಡೂವರೆ ವರ್ಷ ಯಾರೂ ಕೊಳ್ಳಲಿಲ್ಲ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ. ಆಗಸ್ಟ್ ಮುಗಿಯುವುದರೊಳಗೆ ನನ್ನ ಲಾಂಚು ಮೂರು ಸಲ ಮಾರಾಟವಾಯಿತು.

ಈಗ ಬಸ್ಸು, ಜೀಪು ಎಲ್ಲ ಸೇತುವೆಯ ಮೇಲೇ ಹೋಗುತ್ತವೆ. ಅರ್ಧ ಎದ್ದ ಕಂಬ ಮತ್ತು ಬಸ್ಸು ಹೊತ್ತ ಲಾಂಚು ಒಂದೇ ಫ್ರೇಮಿನಲ್ಲಿ ಇನ್ನು ಯಾರಿಗೂ ಸಿಗುವುದಿಲ್ಲ. ಆ ಬೆಳಗ್ಗೆ ಅಲ್ಲಿ ನಿಂತಿದ್ದಕ್ಕೆ ನನಗೆ ನಿಜವಾಗಲೂ ಸಂತೋಷ ಇದೆ.

ನಾನು ಸಾಗರದವನು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಭಾನುವಾರ ಬಂತೆಂದರೆ ಬೈಕು ಹತ್ತಿ ಜೋಗ, ಆಗುಂಬೆ, ಗೋಕರ್ಣ, ಕೊಡಚಾದ್ರಿ ಅಂತ ಹೋಗುವ ಅಭ್ಯಾಸ. ಸೆಕೆಂಡ್ ಹ್ಯಾಂಡ್ ಸೋನಿ ಎ6400 ಕ್ಯಾಮೆರಾ ಕೊಂಡ ಮೇಲೆ ಹಾರ್ಡ್ ಡಿಸ್ಕ್ ತುಂಬತೊಡಗಿತು. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ಎಡಿಟಿಂಗ್ ಮಾಡುತ್ತಾನೆ. ಹಬ್ಬಕ್ಕೆ ಬಂದವನು ನನ್ನ ಮಳೆ ವಿಡಿಯೊ ನೋಡಿ, "ಅಣ್ಣಾ, ಇದನ್ನ ಸುಮ್ನೆ ಯಾಕೆ ಇಟ್ಕೊಂಡಿದೀಯ? ನಮಗೆ ಮಳೆ ಶಾಟ್ ಬೇಕಂದ್ರೆ ಕ್ಯಾಮೆರಾ ಹಿಡ್ಕೊಂಡು ಆಗುಂಬೆಗೆ ಹೋಗ್ತೀವಾ? ಸೈಟಿಂದ ತಗೋತೀವಿ" ಅಂದ. ಅಲ್ಲಿಂದ ಶುರುವಾಯಿತು. 2022ರ ಜುಲೈ ಅದು.

ಗೊತ್ತಿಲ್ಲದವರಿಗೆ ಎರಡು ಮಾತು. ಟಿವಿ ಚಾನೆಲ್ಲು, ಜಾಹೀರಾತು ಮಾಡುವವರು, ಡಾಕ್ಯುಮೆಂಟರಿಯವರು, ಯೂಟ್ಯೂಬಿನವರು ತಮಗೆ ಬೇಕಾದ ಸಣ್ಣ ಸಣ್ಣ ದೃಶ್ಯಗಳನ್ನು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿ ಕೊಳ್ಳುತ್ತಾರೆ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಪಾಂಡ್5, ಐಸ್ಟಾಕ್ ಇವೆಲ್ಲ ಅಂಥ ಅಂಗಡಿಗಳು. ಕ್ಲಿಪ್ಪು ನಮ್ಮದೇ ಆಗಿರುತ್ತದೆ. ಕೊಂಡವರಿಗೆ ಬಳಸುವ ಲೈಸೆನ್ಸ್ ಮಾತ್ರ ಸಿಗುತ್ತದೆ. ಹಾಗಾಗಿ ಒಂದೇ ಕ್ಲಿಪ್ಪು ಹತ್ತು ಜನಕ್ಕೆ ಬೇಕಾದರೂ ಮಾರಾಟವಾಗಬಹುದು. ಬಂದ ದುಡ್ಡಿನಲ್ಲಿ ಅಂಗಡಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದು ಕೊಡುತ್ತದೆ. ಒಬ್ಬರಿಗೇ ಅಂತ ಬರೆದುಕೊಡದಿದ್ದರೆ ಒಂದೇ ಕ್ಲಿಪ್ಪನ್ನು ನಾಲ್ಕೂ ಕಡೆ ಇಡಬಹುದು. ನಾನು ಹಾಗೇ ಮಾಡಿದೆ.

ಮೊದಲ ಕಂತಿನಲ್ಲಿ 60 ಕ್ಲಿಪ್ಪು ಕಳಿಸಿದೆ. 41 ವಾಪಸ್ ಬಂದವು.

ಆ 41ರಲ್ಲಿ ಜೋಗದವೇ ಜಾಸ್ತಿ. ಆಗಸ್ಟ್ ತಿಂಗಳ ಜೋಗ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಸುರಿಯುತ್ತಿರುತ್ತವೆ. ಒಂದು ನಿಮಿಷ ಮಂಜು, ಮರುನಿಮಿಷ ಬಯಲು. ಕಣ್ಣಿಗೆ ಹಬ್ಬ. ಆದರೆ ಕ್ಯಾಮೆರಾಕ್ಕೆ ಕಷ್ಟ. ಬೆಳಕು ಕಡಿಮೆ ಅಂತ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಮಟ್ಟ) 3200ಕ್ಕೆ ಏರಿಸಿದ್ದೆ. ಕಪ್ಪು ಬಂಡೆಯ ಮೇಲೆಲ್ಲ ಇರುವೆ ಹರಿದಾಡಿದ ಹಾಗೆ ನಾಯ್ಸ್, ಅಂದರೆ ಬೇಡದ ಚುಕ್ಕೆಗಳು. ಮಂಜಿನ ಬಿಳುಪು ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಲೆನ್ಸಿನ ಮೇಲೆ ಒಂದು ಹನಿ ಕೂತದ್ದು ಆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಾಣಿಸಿರಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ ಎದ್ದು ಕಂಡಿತು. ವಾಪಸ್ ಕಳಿಸಿದವರು ಸರಿಯಾಗೇ ಕಳಿಸಿದ್ದರು.

ಇನ್ನೂ ಕೆಲವು ಕೈ ನಡುಗಿದ್ದಕ್ಕೆ ಹೋದವು. ಎ6400ರ ಬಾಡಿಯಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲ. ಕೆಲವು ಬ್ರ್ಯಾಂಡಿನ ಹೆಸರು ಕಂಡದ್ದಕ್ಕೆ ಹೋದವು. ಮಳೆಯಲ್ಲಿ ನಡೆದು ಹೋಗುವ ಹೆಂಗಸಿನ ಶಾಟ್ ಒಂದಿತ್ತು, ಬಹಳ ಚೆನ್ನಾಗಿ ಬಂದಿತ್ತು. ಅವರ ಛತ್ರಿಯ ಮೇಲೆ ಯಾವುದೋ ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿ. ಅಂಥದ್ದನ್ನು ಜಾಹೀರಾತಿಗೆ ಬಳಸುವ ಹಾಗಿಲ್ಲ. ಅಂದಿನಿಂದ ಕ್ಯಾಮೆರಾ ಆನ್ ಮಾಡುವ ಮೊದಲು ಫ್ರೇಮಿನ ಮೂಲೆ ಮೂಲೆ ನೋಡುತ್ತೇನೆ. ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ಮೂತಿ, ಬೈಕಿನ ಟ್ಯಾಂಕು, ನಂಬರ್ ಪ್ಲೇಟು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಎಷ್ಟೋ ಸಲ ಮರೆಯಾಗಿಬಿಡುತ್ತವೆ.

ನಿಧಾನಕ್ಕೆ ಕೈ ಕುದುರಿತು. ಟ್ರೈಪಾಡ್ ಇಲ್ಲದೆ ಹೋಗುವುದನ್ನು ಬಿಟ್ಟೆ. ಶೂಟ್ ಮಾಡುವಾಗ ಮನಸ್ಸಿನಲ್ಲೇ 25ರವರೆಗೆ ಎಣಿಸುತ್ತೇನೆ. ಅಡೋಬಿ, ಶಟರ್‌ಸ್ಟಾಕ್ ಎರಡರಲ್ಲೂ ಕ್ಲಿಪ್ಪು 5ರಿಂದ 60 ಸೆಕೆಂಡಿನ ಒಳಗಿರಬೇಕು. 15-20 ಸೆಕೆಂಡು ಇದ್ದರೆ ಎಡಿಟ್ ಮಾಡುವವರಿಗೆ ಹಿಂದೆ ಮುಂದೆ ಕತ್ತರಿಸಲು ಜಾಗ ಸಿಗುತ್ತದೆ. ನಾವು ತಿರುಗಾಟದಲ್ಲಿ ಮೂರು ಸೆಕೆಂಡು ಇದು, ಮೂರು ಸೆಕೆಂಡು ಅದು ಅಂತ ಕ್ಯಾಮೆರಾ ತಿರುಗಿಸುತ್ತೇವಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಒಂದು ಕಡೆ ನಿಲ್ಲಬೇಕು. ಎಣಿಸುತ್ತಾ ನಿಂತಾಗ ಮೊದಲು ಕಾಣದ್ದು ಕಾಣುತ್ತದೆ. ಹತ್ತನೇ ಸೆಕೆಂಡಿಗೆ ಮಿಂಚುಳ್ಳಿಯೊಂದು ಬಂದು ಕಂಬದ ಮೇಲೆ ಕೂರುತ್ತದೆ.

ಹಂಪಿಗೆ ಹೋಗಿ ನಾಲ್ಕು ದಿನ ಇದ್ದೆ. ಅಲ್ಲಿಯ ಸ್ಮಾರಕಗಳು ಭಾರತೀಯ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಟ್ರೈಪಾಡ್ ಇಟ್ಟು ಶೂಟ್ ಮಾಡಬೇಕಾದರೆ ಮೊದಲೇ ಅನುಮತಿ ಬೇಕು. ನನ್ನ ಹತ್ತಿರ ಇರಲಿಲ್ಲ. ವಿಠ್ಠಲ ದೇವಸ್ಥಾನದ ಬಾಗಿಲಲ್ಲಿ ಕಾವಲಿನವರು ಸಮಾಧಾನವಾಗಿಯೇ ಹೇಳಿ ಟ್ರೈಪಾಡ್ ಹೊರಗೆ ಇಡಿಸಿದರು. ಕೈಯಲ್ಲೇ ಹಿಡಿದು ಕಲ್ಲಿನ ರಥ ತೆಗೆದೆ. ಐವತ್ತು ರೂಪಾಯಿ ನೋಟಿನ ಹಿಂದೆ ಇರುವುದೂ ಅದೇ ರಥ. ಸೈಟಿನಲ್ಲಿ ಹುಡುಕಿದರೆ ಅದೇ ರಥ, ಅದೇ ಕೋನ, ಪುಟ ಪುಟಗಟ್ಟಲೆ. ನನ್ನದು ಆ ರಾಶಿಯಲ್ಲಿ ಸೇರಿಕೊಂಡಿತು. ನದಿಯ ದಡದಲ್ಲಿ ತೆಪ್ಪ ಮಗುಚಿ ಹಾಕಿ, ಅದಕ್ಕೆ ಡಾಂಬರು ಬಳಿಯುತ್ತಿದ್ದವರ ಶಾಟ್ ಒಂದಿತ್ತು. ಆ ಊರಿನಲ್ಲಿ ತೆಗೆದದ್ದರಲ್ಲಿ ಮಾರಾಟವಾದದ್ದು ಅದೊಂದೇ.

ಡ್ರೋನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಕೊಂಡಿಲ್ಲ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ಮೀರಿದ ಡ್ರೋನಿಗೆ ನೋಂದಣಿ ಬೇಕು. ದುಡಿಮೆಗೆ ಅಂತ ಹಾರಿಸುವುದಾದರೆ ಪೈಲಟ್ ಪ್ರಮಾಣಪತ್ರವೂ ಬೇಕು. ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ. ಅದು ಬೇರೆಯೇ ದಾರಿ.

ಈಗ ಅಡಿಕೆಯ ವಿಷಯಕ್ಕೆ ಬರುತ್ತೇನೆ. ಈ ಕೆಲಸ ಏನು ಅಂತ ನನಗೆ ತಿಳಿದದ್ದು ಅಲ್ಲಿ.

2022ರ ನವೆಂಬರ್. ಗೆಳೆಯನ ಮನೆಯಲ್ಲಿ ಅಡಿಕೆ ಸುಲಿತ ನಡೆದಿತ್ತು. ನಮ್ಮ ಕಡೆ ಕೊಯ್ಲು ಶುರುವಾದರೆ ರಾತ್ರಿ ಹತ್ತರವರೆಗೂ ಅಂಗಳದಲ್ಲಿ ದೀಪ ಹಾಕಿಕೊಂಡು ಸುಲಿಯುತ್ತಾರೆ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಒಂದು ಕಡೆ ಕಾಯಿಯ ರಾಶಿ, ಇನ್ನೊಂದು ಕಡೆ ಸಿಪ್ಪೆಯ ರಾಶಿ, ಆಚೆ ಒಲೆಯ ಮೇಲೆ ಹಂಡೆಯಲ್ಲಿ ಕುದಿಯುವ ಅಡಿಕೆ. ಚೊಗರಿನ, ಅಂದರೆ ಅಡಿಕೆಯ ರಸದ ಒಗರು ವಾಸನೆ ಇಡೀ ಅಂಗಳಕ್ಕೆ. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಹಾಗಾಗಿ ಕೈ ನಿಲ್ಲುವುದೇ ಇಲ್ಲ. ಅವರಲ್ಲಿ ಅರವತ್ತು ದಾಟಿದ ಒಬ್ಬರು ಇದ್ದರು. ಕಾಯಿ ಕತ್ತಿಗೆ ತಾಗಿಸಿದ್ದು ಕಾಣುವಷ್ಟರಲ್ಲಿ ಬೇಳೆ ಬುಟ್ಟಿಗೆ ಬಿದ್ದಿರುತ್ತಿತ್ತು. ಚೊಗರು ಹಿಡಿದು ಕಪ್ಪಾದ ಬೆರಳು, ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಚೂರು. ಕತ್ತಿಯ ಕಡೆ ಕಣ್ಣೇ ಇಲ್ಲ. ಪಕ್ಕದವರ ಜೊತೆ ಮೊಮ್ಮಗಳ ಶಾಲೆಯ ಮಾತಾಡುತ್ತಿದ್ದರು.

"ಅಮ್ಮಾ, ವಿಡಿಯೊ ತೆಗೀಲಾ?" ಅಂತ ಕೇಳಿದೆ. "ತೆಗಿ ತಮ್ಮಾ" ಅಂದರು. ಅರ್ಧ ಗಂಟೆ ತೆಗೆದೆ.

ಮನೆಗೆ ಬಂದು ನೋಡಿದರೆ ಎಲ್ಲದರ ಮೇಲೂ ಕಪ್ಪು ಪಟ್ಟಿ. ಪರದೆಯ ಮೇಲೆ ಅಡ್ಡಡ್ಡ ಪಟ್ಟಿಗಳು ಮೆಲ್ಲಗೆ ಮೇಲಕ್ಕೆ ಸರಿಯುತ್ತಿದ್ದವು. ಕಾರಣ ಹುಡುಕಲು ಒಂದು ವಾರ ಬೇಕಾಯಿತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸುತ್ತಿನದ್ದು. ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಬಲ್ಬುಗಳೆಲ್ಲ ಅದಕ್ಕೆ ತಕ್ಕ ಹಾಗೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಯಾರೋ ಹೇಳಿದ್ದು ಕೇಳಿ ಕ್ಯಾಮೆರಾವನ್ನು ಅಮೆರಿಕದ ವಿಡಿಯೊ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಹಾಕಿ, ಸೆಕೆಂಡಿಗೆ 30 ಫ್ರೇಮು, ಶಟರ್ 1/60 ಸೆಕೆಂಡು ಇಟ್ಟಿದ್ದೆ. ಅದು ಅಮೆರಿಕದ 60 ಸುತ್ತಿನ ಕರೆಂಟಿಗೆ ಸರಿ. ಇಲ್ಲಿ ದೀಪದ ಮಿಣುಕಿಗೂ ಶಟರಿಗೂ ತಾಳ ತಪ್ಪುತ್ತದೆ. ಪಾಲ್‌ಗೆ (ನಮ್ಮ ದೇಶದ ಪದ್ಧತಿಗೆ) ಬದಲಿಸಿ, 25 ಫ್ರೇಮು, ಶಟರ್ 1/50 ಇಟ್ಟರೆ ಪಟ್ಟಿ ಮಾಯ. ಮೈಸೂರು ದಸರಾ ದೀಪ ತೆಗೆಯುವವರು, ರಾತ್ರಿ ಸಂತೆ ತೆಗೆಯುವವರು ಇದೊಂದನ್ನು ಮರೆಯಬೇಡಿ.

ಮತ್ತೆ ಹೋದೆ, ಮತ್ತೆ ತೆಗೆದೆ. ಈ ಸಲ ಪಟ್ಟಿ ಇರಲಿಲ್ಲ. ಒಂದು ಕ್ಲಿಪ್ಪಿನಲ್ಲಿ ಕೈ ಮಾತ್ರ. ಇನ್ನೊಂದರಲ್ಲಿ ಕೈಯಿಂದ ಮೇಲೆ ಹೋಗಿ ಅವರ ಮುಖ. ಮಾತಿನ ನಡುವೆ ನಕ್ಕಿದ್ದರು. ನಾನು ತೆಗೆದದ್ದರಲ್ಲಿ ಅಷ್ಟು ಒಳ್ಳೆಯ ಶಾಟ್ ಇನ್ನೊಂದಿಲ್ಲ. ಕಳಿಸಿದೆ. ಮಾಡೆಲ್ ರಿಲೀಸ್ ಇಲ್ಲ ಅಂತ ವಾಪಸ್ ಬಂತು.

ಮಾಡೆಲ್ ರಿಲೀಸ್ ಅಂದರೆ ಒಪ್ಪಿಗೆ ಪತ್ರ. ಗುರುತು ಸಿಗುವ ಯಾರೇ ಕ್ಲಿಪ್ಪಿನಲ್ಲಿದ್ದರೂ ಅವರ ಹೆಸರು, ವಿಳಾಸ, ಹುಟ್ಟಿದ ದಿನ, ಸಹಿ ಬೇಕು. ಮಕ್ಕಳಾದರೆ ಅಪ್ಪ ಅಥವಾ ಅಮ್ಮನ ಸಹಿ. ಸಾಕ್ಷಿಯ ಸಹಿಯೂ ಬೇಕು. ಸುದ್ದಿ, ಡಾಕ್ಯುಮೆಂಟರಿಗೆ ಮಾತ್ರ ಅಂತ ಎಡಿಟೋರಿಯಲ್ ವಿಭಾಗದಲ್ಲಿ ಹಾಕಿದರೆ ಈ ಪತ್ರ ಬೇಕಾಗುವುದಿಲ್ಲ. ನನ್ನ ಲಾಂಚು ಹಾಗೆ ಹೋದದ್ದು. ಆದರೆ ಜಾಹೀರಾತಿಗೆ ಮಾರಬೇಕಾದರೆ ಪತ್ರ ಇರಲೇಬೇಕು.

ಪತ್ರ ಇಂಗ್ಲಿಷಿನಲ್ಲಿತ್ತು. ಒಂದು ಹಾಳೆಯಲ್ಲಿ ಅದರ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡು ಹೋದೆ. ಸುಲಿತ ಮುಗಿಸಿ ಅವರು ಚಹಾ ಕುಡಿಯುತ್ತಾ ಕೂತಿದ್ದರು. ನಾನು ಓದಿದೆ.

"ಇದನ್ನ ಯಾರು ನೋಡ್ತಾರೆ ತಮ್ಮಾ?"

"ಯಾರು ಬೇಕಾದ್ರೂ ನೋಡಬಹುದಮ್ಮಾ. ಬೇರೆ ದೇಶದವರೂ ನೋಡಬಹುದು."

"ಎಲ್ಲಿಗೆ ಹಾಕ್ತಾರೆ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಂಡವರು ಯಾರು, ಎಲ್ಲಿ ಬಳಸಿದರು ಅಂತ ಮಾರಿದವನಿಗೆ ಸಾಮಾನ್ಯವಾಗಿ ಗೊತ್ತಾಗುವುದೇ ಇಲ್ಲ. ಹಾಗಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಸಿನಿಮಾ ಶುರು ಆಗೋಕೆ ಮುಂಚೆ ಗುಟ್ಕಾ ತಿಂದು ಬಾಯಿ ಹುಣ್ಣಾದವರನ್ನ ತೋರಿಸ್ತಾರಲ್ಲ, ಅದಕ್ಕೆ ಹಾಕಿದ್ರೆ?"

ನನಗೆ ಅದು ಹೊಳೆದೇ ಇರಲಿಲ್ಲ. ಅಡಿಕೆಯ ದೃಶ್ಯ ಯಾರಿಗೆ ಬೇಕಾಗುತ್ತದೆ? ಕೃಷಿಯ ಕಾರ್ಯಕ್ರಮದವರಿಗೆ ಬೇಕು. ಕ್ಯಾನ್ಸರ್ ಎಚ್ಚರಿಕೆಯ ವಿಡಿಯೊ ಮಾಡುವವರಿಗೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ ವರ್ಷಗಳೇ ಆದವು. ನಮ್ಮ ಸೀಮೆಯಲ್ಲಿ ಅದರ ಚರ್ಚೆ ನಡೆಯುತ್ತಲೇ ಇದೆ. ಮಾಡೆಲನ್ನು ರೋಗಿ ಎನ್ನುವ ಹಾಗೆ ಅಥವಾ ಕೀಳಾಗಿ ತೋರಿಸಬಾರದು ಅಂತ ಲೈಸೆನ್ಸಿನಲ್ಲಿ ನಿಯಮ ಇರುತ್ತದೆ. ಅದನ್ನೂ ಹೇಳಿದೆ. ಆದರೆ ಅವರ ನಗುಮುಖ ಮುಗಿದ ಕೂಡಲೇ ಬಾಯಿ ಹುಣ್ಣಿನ ಚಿತ್ರ ಬರುವುದಿಲ್ಲ ಅಂತ ನಾನು ಮಾತು ಕೊಡುವುದು ಹೇಗೆ?

"ಕೈ ಹೋಗ್ಲಿ. ಮುಖ ಬೇಡ" ಅಂದರು.

ಅಲ್ಲೇ, ಅವರ ಎದುರಿಗೇ ಲ್ಯಾಪ್‌ಟಾಪ್ ತೆಗೆದು ಮುಖದ ಕ್ಲಿಪ್ಪನ್ನು ಮಾರಾಟದ ಫೋಲ್ಡರಿನಿಂದ ಅಳಿಸಿದೆ. ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿ ಅವರ ಮೊಮ್ಮಗಳ ಕೈಗೆ ಕೊಟ್ಟೆ, ಮನೆಯಲ್ಲಿ ಇರಲಿ ಅಂತ. ಕೈಯ ಕ್ಲಿಪ್ಪಿಗೆ ಅವರು ನಿಧಾನಕ್ಕೆ ಹೆಸರು ಬರೆದು ಸಹಿ ಮಾಡಿದರು. ಗೆಳೆಯನ ಹೆಂಡತಿ ಸಾಕ್ಷಿ ಹಾಕಿದರು. ಬರೀ ಕೈಗೆ ಪತ್ರ ಬೇಕಾಗದೇ ಇರಬಹುದು, ಗುರುತು ಸಿಗುವುದಿಲ್ಲವಲ್ಲ. ಆದರೂ ಪತ್ರ ಮಾಡಿಸಿದ್ದು ಒಳ್ಳೆಯದಾಯಿತು. ಮಾಡಿಸದಿದ್ದರೆ ಆ ಪ್ರಶ್ನೆ ನನಗೆ ಕೇಳುತ್ತಲೇ ಇರಲಿಲ್ಲ.

ಆ ಕೈಯ ಕ್ಲಿಪ್ಪು ಈವರೆಗೆ 11 ಸಲ ಮಾರಾಟವಾಗಿದೆ. ಬಂದದ್ದರಲ್ಲಿ ಅರ್ಧ ಅವರದು. ದೀಪಾವಳಿಗೆ ಹೋಗಿ ಲೆಕ್ಕ ತೋರಿಸಿ ಕೊಟ್ಟು ಬರುತ್ತೇನೆ. ಯಾವ ಸೈಟೂ ಹೀಗೆ ಮಾಡಿ ಅಂತ ಹೇಳುವುದಿಲ್ಲ. ಕೈ ಅವರದು, ಕ್ಯಾಮೆರಾ ಮಾತ್ರ ನನ್ನದು ಅಂತ ನನಗೆ ಅನ್ನಿಸಿದ್ದಕ್ಕೆ ಮಾಡುತ್ತೇನೆ.

ಶೂಟ್ ಮುಗಿದ ಮೇಲೆ ಬರೆಯುವ ಕೆಲಸ. ಇದನ್ನು ಬಹಳ ಜನ ಬೇಸರದ ಕೆಲಸ ಅಂತಾರೆ. ನನಗೆ ಇದೇ ಇಷ್ಟ. ಒಂದೊಂದು ಕ್ಲಿಪ್ಪಿಗೂ ಶೀರ್ಷಿಕೆ, 50ರ ಹತ್ತಿರ ಕೀವರ್ಡ್. ಅಡೋಬಿಯಲ್ಲಿ ಮೊದಲ ಹತ್ತು ಪದಗಳಿಗೆ ತೂಕ ಜಾಸ್ತಿ, ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಬರೆಯಬೇಕು. ಎಡಿಟೋರಿಯಲ್ ಆದರೆ ಊರು, ರಾಜ್ಯ, ದೇಶ, ತಾರೀಕು ಮೊದಲು, ವಿವರ ಆಮೇಲೆ.

ಶುರುವಿನಲ್ಲಿ ಒಂದು ದಿನ, ಬೇರೆಯವರು ಹೇಗೆ ಬರೆಯುತ್ತಾರೆ ನೋಡೋಣ ಅಂತ ಒಂದು ಸೈಟಿನಲ್ಲಿ ಯಕ್ಷಗಾನ ಹುಡುಕುತ್ತಿದ್ದೆ. ಬಡಗುತಿಟ್ಟಿನ ವೇಷ, ತಲೆಗೆ ಕೇದಗೆ ಮುಂದಲೆ, ಹಿಂದೆ ಭಾಗವತರು ಕೂತದ್ದೂ ಕಾಣುತ್ತದೆ. ಕೆಳಗೆ ಬರೆದಿದ್ದು 'ಕೇರಳದ ಕಥಕಳಿ' ಅಂತ. ಇನ್ನೊಂದು ಕಡೆ ಕಂಬಳ. ಕೆಸರು ಗದ್ದೆಯಲ್ಲಿ ಓಡುತ್ತಿರುವುದು ಕಣ್ಣಿಗೆ ಕಾಣುವ ಹಾಗೆ ಕೋಣ. ಬರಹ ಮಾತ್ರ 'ಜಲ್ಲಿಕಟ್ಟು, ಎತ್ತಿನ ಓಟ'. ನನಗೆ ಹೊಟ್ಟೆ ಉರಿಯಿತು. ಇದನ್ನು ಕೊಂಡವರು ಹಾಗೇ ನಂಬಿ ತಮ್ಮ ವಿಡಿಯೊದಲ್ಲಿ ಹಾಗೇ ಹೇಳುತ್ತಾರೆ. ಅದನ್ನು ನೋಡಿದವರು ಮುಂದಿನವರಿಗೆ ಹೇಳುತ್ತಾರೆ. ಒಂದು ಇಡೀ ರಾತ್ರಿ ಕುಣಿದ ಕಲಾವಿದರ ಕಲೆ ಬೇರೆ ಹೆಸರಿನಲ್ಲಿ ಲೋಕ ಸುತ್ತುತ್ತದೆ.

ಅವರದನ್ನು ತಿದ್ದಲು ನನ್ನಿಂದ ಆಗಲಿಲ್ಲ. ನನ್ನದನ್ನು ಸರಿಯಾಗಿ ಬರೆಯುವುದು ನನ್ನ ಕೈಯಲ್ಲಿತ್ತು. ತಿಟ್ಟು ಯಾವುದು, ಮೇಳದವರನ್ನು ಕೇಳಿ ಬರೆಯುತ್ತೇನೆ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿದ್ದವರಿಗೆ ಫೋನ್ ಮಾಡುತ್ತೇನೆ. ಮೆಟ್ಟುಗತ್ತಿ, ದೋಟಿ, ಹಂಡೆ, ಚೊಗರು ಇವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಉಚ್ಚಾರದಂತೆಯೇ ಬರೆದು, ಪಕ್ಕದಲ್ಲಿ ಅರ್ಥ ಸೇರಿಸುತ್ತೇನೆ. ಊರಿನ ಹೆಸರು ಎರಡೂ ಬಗೆಯಲ್ಲಿ ಇರಬೇಕು. 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು, ಶಿವಮೊಗ್ಗ ಅಂತ ಇಂಗ್ಲಿಷಿನಲ್ಲೂ ಅಧಿಕೃತವಾಗಿದೆ, ಸರಿ. ಆದರೆ ಹೊರಗಿನವರು ಇವತ್ತಿಗೂ ಬ್ಯಾಂಗಲೋರ್, ಮೈಸೋರ್, ಶಿಮೋಗಾ ಅಂತಲೇ ಹುಡುಕುತ್ತಾರೆ. ಜೋಗಕ್ಕೆ ಗೇರುಸೊಪ್ಪೆ ಜಲಪಾತ ಅನ್ನುವ ಹಳೆಯ ಹೆಸರೂ ಸೇರಿಸಬೇಕು. ಲಾಂಚಿನ ಕ್ಲಿಪ್ಪಿಗೆ ನಾನು ಅಂಬಾರಗೋಡ್ಲು, ಕಳಸವಳ್ಳಿ, ಸಿಗಂದೂರು, ತುಮರಿ, ಶರಾವತಿ ಹಿನ್ನೀರು, ಕಟ್ಟುತ್ತಿರುವ ಸೇತುವೆ ಎಲ್ಲ ಬರೆದಿದ್ದೆ. 'ಭಾರತದ ನದಿಯಲ್ಲಿ ದೋಣಿ' ಅಂತ ಬರೆದು ಬಿಟ್ಟಿದ್ದರೆ ಮೊನ್ನೆ ಆಗಸ್ಟಿನಲ್ಲಿ ಹುಡುಕಿದವರಿಗೆ ಅದು ಸಿಗುತ್ತಿತ್ತಾ?

ದುಡ್ಡಿನ ವಿಷಯ. ಮೊದಲ ಮಾರಾಟ ಆದದ್ದು ಆರು ತಿಂಗಳಿಗೆ. ನನ್ನ ಕೈಗೆ 350 ರೂಪಾಯಿ ಚಿಲ್ಲರೆ. ಈ ನವೆಂಬರಿನವರೆಗೆ 412 ಕ್ಲಿಪ್ಪು ಸೈಟಿನಲ್ಲಿವೆ. ಒಟ್ಟು 71 ಮಾರಾಟ, ಹತ್ತಿರ ಹತ್ತಿರ 58,000 ರೂಪಾಯಿ. ಮೂರು ವರ್ಷಕ್ಕೆ. ಕೆಲಸ ಬಿಟ್ಟು ಇದಕ್ಕೇ ಇಳಿಯುತ್ತೇನೆ ಅನ್ನುವವರು ಈ ಲೆಕ್ಕವನ್ನು ಎರಡು ಸಲ ಓದಿ. ನನಗೆ ಪೆಟ್ರೋಲು, ಹೊಸ ಟ್ರೈಪಾಡ್, ಒಂದು ಲೆನ್ಸ್ ಇದರಲ್ಲೇ ಬಂತು.

ಎಲ್ಲಕ್ಕಿಂತ ಜಾಸ್ತಿ ಹೋದದ್ದು ಮಳೆ. 14 ಸಲ. ನಮ್ಮ ಮನೆಯ ಹಿತ್ತಿಲು, ಹಂಚಿನ ಸೂರಿನಿಂದ ದಾರ ಕಟ್ಟಿದ ಹಾಗೆ ಸುರಿಯುವ ನೀರು, ಹಿಂದೆ ಮಸುಕಾಗಿ ತೋಟದ ಹಸಿರು. 18 ಸೆಕೆಂಡು. ಮುಖ ಇಲ್ಲ, ಬೋರ್ಡು ಇಲ್ಲ, ಎಡಗಡೆ ಅಕ್ಷರ ಹಾಕಲು ಖಾಲಿ ಜಾಗ ಇದೆ. ಚಹಾದ ಜಾಹೀರಾತಿಗೂ ಆಗುತ್ತದೆ, ಹವಾಮಾನ ವರದಿಗೂ ಆಗುತ್ತದೆ. ತಿರುಗಲು ಹೋಗಿ ತೆಗೆದದ್ದಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ತೆಗೆದದ್ದು.

ಪಾಲಿನ ಲೆಕ್ಕ ಸೈಟಿನಿಂದ ಸೈಟಿಗೆ ಬೇರೆ. ಅಡೋಬಿಯಲ್ಲಿ ವಿಡಿಯೊಗೆ ಶೇ 35. ಶಟರ್‌ಸ್ಟಾಕಿನಲ್ಲಿ 2020ರಿಂದ ಶೇ 15ರಿಂದ 40ರವರೆಗೆ ಮೆಟ್ಟಿಲುಗಳಿವೆ. ಮಾರಾಟ ಹೆಚ್ಚಿದ ಹಾಗೆ ಮೇಲೇರುತ್ತದೆ, ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿನಿಂದ. ಪಾಂಡ್5ರಲ್ಲಿ ಬೆಲೆ ನಾವೇ ಇಡಬಹುದು. 2022ರಲ್ಲಿ ಅದನ್ನೂ ಶಟರ್‌ಸ್ಟಾಕೇ ಕೊಂಡಿತು.

ಸೇರಿದ ಕೂಡಲೇ ತುಂಬಬೇಕಾದದ್ದು ಡಬ್ಲ್ಯೂ-8ಬೆನ್ ಎಂಬ ಅಮೆರಿಕದ ತೆರಿಗೆ ಫಾರ್ಮು. ತುಂಬದಿದ್ದರೆ ಅಲ್ಲಿಯ ಮಾರಾಟದ ಮೇಲೆ ಶೇ 30 ಹಿಡಿಯುತ್ತಾರೆ. ನಮ್ಮ ದೇಶಕ್ಕೂ ಅಮೆರಿಕಕ್ಕೂ ಇರುವ ಒಪ್ಪಂದದ ಪ್ರಕಾರ ರಾಯಲ್ಟಿಗೆ ಶೇ 15 ಸಾಕು. ಪ್ಯಾನ್ ನಂಬರ್ ಹಾಕಿದರಾಯಿತು. ಮೂರು ವರ್ಷ ಕಳೆದ ಮೇಲೆ ಹೊಸದಾಗಿ ತುಂಬಬೇಕು. ಅಲ್ಲಿ ಹಿಡಿದದ್ದನ್ನು ಇಲ್ಲಿಯ ರಿಟರ್ನಿನಲ್ಲಿ ತೋರಿಸಿ ಕಡಿತ ಪಡೆಯಬಹುದು, ಅದಕ್ಕೊಬ್ಬ ಆಡಿಟರ್ ಸಹಾಯ ತಗೊಳ್ಳಿ.

ಹೆಸರಿನ ವಿಷಯದಲ್ಲಿ ನಾನು ಎರಡು ತಿಂಗಳು ಕಳೆದುಕೊಂಡೆ. ನಮ್ಮಲ್ಲಿ ಊರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿರುತ್ತದಲ್ಲ. ಪ್ಯಾನ್ ಕಾರ್ಡಿನಲ್ಲಿ ಅದು ಬಿಡಿಸಿ ಬರೆದಿದೆ. ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ. ಸೈಟಿನಲ್ಲಿ ನಾನು ಬರೀ ಹೆಸರು ಕೊಟ್ಟಿದ್ದೆ. ಮೂರು ಕಡೆ ಮೂರು ಬಗೆ. ದುಡ್ಡು ತಲುಪಿಸುವ ಕಂಪನಿಯವರು ಖಾತೆ ತಡೆದರು. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಪ್ಯಾನಿನಲ್ಲಿ ಇದ್ದ ಹಾಗೇ ಮಾಡಿಸಿದ ಮೇಲೆ ಸರಿಯಾಯಿತು. ಮೊದಲ ದಿನವೇ ಮೂರೂ ಕಡೆ ಒಂದೇ ಹೆಸರು ಇಡಿ. ಪೇಪಾಲ್ ಆದರೆ ಇಂಡಿಯಾದ ಖಾತೆಯಲ್ಲಿ ದುಡ್ಡು ಉಳಿಯುವುದಿಲ್ಲ, ತಾನಾಗೇ ಬ್ಯಾಂಕಿಗೆ ಬರುತ್ತದೆ.

ಈಗೀಗ ಎಲ್ಲರದೂ ಒಂದೇ ಪ್ರಶ್ನೆ: ಬರೆದುಕೊಟ್ಟರೆ ವಿಡಿಯೊ ಮಾಡಿಕೊಡುವ ಎಐ ಬಂದಿದೆಯಲ್ಲ, ಇನ್ನು ಯಾರು ಕೊಳ್ಳುತ್ತಾರೆ? ನನ್ನ ಮಳೆಯ ಕ್ಲಿಪ್ಪು ಈ ವರ್ಷ ಎರಡೇ ಸಲ ಹೋಗಿದೆ. ಅಂಥ ಮಳೆಯನ್ನು ಎಐ ಚೆನ್ನಾಗೇ ಮಾಡಬಹುದು. ಆದರೆ ಇಂಥ ದಿನ, ಇಂಥ ದಡದಲ್ಲಿ, ಇಂಥ ಲಾಂಚು ಇತ್ತು ಅಂತ ಹೇಳಲು ಯಾರಾದರೂ ಅಲ್ಲಿ ನಿಂತಿರಲೇಬೇಕು. ಹಾಗಾಗಿ ನಾನು ತೆಗೆಯುವುದನ್ನು ಬದಲಿಸಿಕೊಂಡಿದ್ದೇನೆ. ಸೂರ್ಯಾಸ್ತ ಬಿಟ್ಟೆ. ನಮ್ಮ ಸುತ್ತ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ತಾರೀಕು, ಊರು ಸಮೇತ ತೆಗೆಯುತ್ತಿದ್ದೇನೆ.

ಈಗ ಮತ್ತೆ ಅಡಿಕೆ ಕೊಯ್ಲು ಶುರುವಾಗಿದೆ. ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವವರು ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ಹತ್ತುವ ಕಷ್ಟ ತಪ್ಪಿದ್ದು ಒಳ್ಳೆಯದೇ. ಗೆಳೆಯನ ತೋಟಕ್ಕೆ ಬರುವ, ಅಡಿಕೆ ಗೊನೆ ಕೊಯ್ಯುವ ಕೊನೆಗಾರರು ಮಾತ್ರ ಇನ್ನೂ ಹತ್ತುತ್ತಾರೆ. ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ಕೈ ಚಾಚಿ ದಾಟುತ್ತಾರೆ, ಕೆಳಗೆ ಇಳಿಯುವುದೇ ಇಲ್ಲ. ಹಗ್ಗದಲ್ಲಿ ಅಡಿಕೆ ಕೊನೆ ಜಾರಿ ಬರುತ್ತದೆ, ಕೆಳಗೆ ನಿಂತವರು ಹಿಡಿಯುತ್ತಾರೆ. ಕಳೆದ ವಾರ ಹೋಗಿ ಮಾತಾಡಿದೆ. ಕನ್ನಡದ ಹಾಳೆ ಓದಿದೆ. ಗುಟ್ಕಾದ ವಿಷಯವನ್ನು ಈ ಸಲ ನಾನೇ ಮೊದಲು ಹೇಳಿದೆ. ಅವರು ಯೋಚಿಸಿ, "ಮುಖ ಬಂದ್ರೂ ಅಡ್ಡಿ ಇಲ್ಲ, ನನ್ನ ಮಗನಿಗೆ ಒಂದು ಕಾಪಿ ಕೊಡಬೇಕು" ಅಂದರು. ಗುರುವಾರ ಬೆಳಗ್ಗೆ ಏಳಕ್ಕೆ ಬರಲು ಹೇಳಿದ್ದಾರೆ, ಇಬ್ಬನಿ ಆರಿದ ಕೂಡಲೇ ಹತ್ತುತ್ತಾರಂತೆ. ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.